ನಲವತ್ತೇಳನೆಯ ಹೆಜ್ಜೆ

ಎಂಟು ದಿನದಿಂದ ತಾರಸಿಯ ಮೇಲೆ ಒಣಗುತ್ತಿದ್ದ ಮೆಕ್ಕೆಜೋಳದ ಕಾಳಿನ ಮೇಲೆ ಮೂರು ಪಾರಿವಾಳಗಳು ಬಂದಿಳಿದದ್ದನ್ನು ಅವನು ಹಲ್ಲುಜ್ಜುತ್ತ ನೋಡಿದ. ಓಡಿಸಲಿಲ್ಲ. ಬಾಯಿ ತುಂಬ ನೊರೆ ಇಟ್ಟುಕೊಂಡು, ಬ್ರಷ್ಷನ್ನು ಕೆನ್ನೆಯೊಳಗೆ ಹಾಗೇ ನಿಲ್ಲಿಸಿ, ತಿನ್ನಿ, ನಾಚಿಕೊಳ್ಳಬೇಡಿ, ಹೊಟ್ಟೆ ತುಂಬ ತಿನ್ನಿ ಎಂದು ಮನಸ್ಸಿನಲ್ಲೇ ಅವಕ್ಕೆ ಉಪಚಾರ ಮಾಡಿದ. ಒಂದು ಪಾರಿವಾಳ ಒಂದು ಸಲಕ್ಕೆ ಎಷ್ಟು ತಿಂದೀತು? ಹತ್ತು ಗ್ರಾಂ ಎಂದೇ ಇಟ್ಟುಕೊಳ್ಳೋಣ. ಮುನ್ನೂರು ಗ್ರಾಂ ಮುಗಿಯಬೇಕಾದರೆ ಮೂವತ್ತು ಪಾರಿವಾಳ ಬೇಕು. ಬಂದದ್ದು ಮೂರು, ಅದರಲ್ಲೂ ಒಂದಕ್ಕೆ ಕಾಳಿನ ಗೊಡವೆಯೇ ಇಲ್ಲ, ಕತ್ತು ಉಬ್ಬಿಸಿಕೊಂಡು ಇನ್ನೊಂದರ ಹಿಂದೆ ಸುತ್ತುತ್ತಿತ್ತು. ದರಿದ್ರದ್ದು, ಇವತ್ತೇ ಆಗಬೇಕಿತ್ತೇ ಇದಕ್ಕೆ ಪ್ರೇಮ ಎಂದುಕೊಳ್ಳುವಷ್ಟರಲ್ಲಿ ಹೆಂಡತಿ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಮೆಟ್ಟಿಲು ಹತ್ತಿ ಬಂದಳು. ಬಕೆಟ್ಟನ್ನು ದಡಕ್ಕನೆ ಇಳಿಸಿ ಮೂಲೆಯ ಕೋಲನ್ನು ಎತ್ತಿ ಬೀಸಿದಳು. ಮೂರೂ ಹಾರಿಹೋದವು.

"ಏನ್ರೀ, ಕಣ್ಣೆದುರಿಗೇ ತಿಂತಾ ಇವೆ, ಹಾಗೇ ನಿಂತಿದ್ದೀರಲ್ಲ! ಬೆದರುಗೊಂಬೆ ನಿಲ್ಲಿಸಿದ್ರೂ ನಿಮಗಿಂತ ವಾಸಿ."

"ನಾಲ್ಕು ಕಾಳು ತಾನೇ, ತಿನ್ಲಿ ಬಿಡು."

"ನಾಲ್ಕು ಕಾಳಾ? ತಂದ ದಿನ ಯಾರು ಹೇಳಿದ್ದು, ಒಂದು ಕಾಳು ಹೆಚ್ಚುಕಮ್ಮಿ ಆದ್ರೂ ನನ್ನ ಕೆಲಸಕ್ಕೆ ಸಂಚಕಾರ ಅಂತ? ಎಂಟು ದಿನದಿಂದ ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಿಲ್ಲ ನಾನು. ಇವತ್ತು ತೂಕ ಆಗೋ ದಿನ ನಿಮಗೆ ಪಾರಿವಾಳದ ಮೇಲೆ ಕರುಣೆ ಉಕ್ಕಿ ಬಂತಾ?"

ಅವನು ನೊರೆ ಉಗಿದು ಬಾಯಿ ತೊಳೆದುಕೊಂಡ. ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಬೆಳೆ ವಿಮೆಯ ಕಂಪನಿಯಲ್ಲಿ ವರ್ಷ ವರ್ಷಕ್ಕೆ ಕರಾರು ಬರೆಸಿಕೊಂಡು ದುಡಿಯುವ ಅಳತೆಗಾರ ಅವನು. ಹಳ್ಳಿಗಳಲ್ಲಿ ಹಗ್ಗದ ಸಾಹೇಬ ಎಂದರೆ ಮಕ್ಕಳಿಗೂ ಗೊತ್ತು. ಬಿತ್ತನೆ ಕಾಲದಲ್ಲಿ ಮನೆ ಮನೆ ತಿರುಗಿ ವಿಮೆಯ ಕಂತು ಕಟ್ಟಿಸಿಕೊಳ್ಳುವವನೂ ಅವನೇ, ಕೊಯ್ಲಿಗೆ ಹಗ್ಗ ಹಿಡಿದು ಬರುವವನೂ ಅವನೇ. ಊರಿನಲ್ಲಿ ಯಾವ ಹೊಲ ಅಳೆಯಬೇಕೆಂದು ಕಂಪ್ಯೂಟರು ಲಾಟರಿಯಂತೆ ಒಂದು ನಂಬರು ಎತ್ತಿಕೊಡುತ್ತದೆ. ಆ ಹೊಲದ ಮೂಲೆಯಿಂದ ಎಷ್ಟು ಹೆಜ್ಜೆ ನಡೆಯಬೇಕೆಂಬುದನ್ನೂ ಅದೇ ಹೇಳುತ್ತದೆ. ಹೆಜ್ಜೆ ಮುಗಿದಲ್ಲಿ ಗೂಟ ಹೊಡೆದು, ಐದು ಮೀಟರಿಗೆ ಐದು ಮೀಟರು ಹಗ್ಗ ಎಳೆದು, ಒಳಗಿನ ತೆನೆಯನ್ನೆಲ್ಲ ಕೊಯ್ದು, ಒಣಗಿಸಿ, ಕಾಳು ಬಿಡಿಸಿ ತೂಗಬೇಕು. ಆ ಒಂದು ಚೌಕದ ತೂಕವೇ ಇಡೀ ಊರಿನ ತೂಕ. ಒಂಬತ್ತು ಕಿಲೋ ಮುಟ್ಟದಿದ್ದರೆ ಬೆಳೆ ಹೋಯಿತೆಂದು ಲೆಕ್ಕ, ಕಂತು ಕಟ್ಟಿದ ನೂರಾ ಅರವತ್ತು ಮನೆಗೂ ಪರಿಹಾರ. ಒಂಬತ್ತು ಮುಟ್ಟಿತೋ, ಬೆಳೆ ಬಂದಿದೆ ಎಂದು ಲೆಕ್ಕ, ಒಬ್ಬರಿಗೂ ಬಿಡಿಗಾಸಿಲ್ಲ. ನಿನ್ನೆ ಸಂಜೆ ಹೆಂಡತಿ ಅಂಗಡಿಗೆ ಹೋಗಿದ್ದಾಗ ಕಳ್ಳನ ಹಾಗೆ ಅಡುಗೆಮನೆಯ ಕೊಕ್ಕೆ ತಕ್ಕಡಿಗೆ ಕಾಳಿನ ಚೀಲವನ್ನು ನೇತುಹಾಕಿ ನೋಡಿದ್ದ. ಒಂಬತ್ತು ಕಿಲೋ ಮುನ್ನೂರು ಗ್ರಾಂ.

ಮುನ್ನೂರು ಗ್ರಾಂ! ಊರಿಗೆ ಊರೇ ಈ ಸಲ ಹುಳಕ್ಕೆ ತುತ್ತಾಗಿತ್ತು. ಗಿಡ ಮೊಳಕಾಲೆತ್ತರ ಬರುವ ಹೊತ್ತಿಗೆ ಸುಳಿಯೊಳಗೆ ಹುಳ ಸೇರಿಕೊಂಡು, ಔಷಧಿ ಹೊಡೆದವರದೂ ಹೋಯಿತು, ಹೊಡೆಯದವರದೂ ಹೋಯಿತು. ಉಳಿದದ್ದು ಒಬ್ಬಳದು. ಹುಳದಕ್ಕ ಎಂದು ಅವಳನ್ನು ಕರೆಯುತ್ತಿದ್ದರು, ಎದುರಿಗೂ ಹಾಗೆಯೇ. ಗಂಡನಿಲ್ಲ, ಮಕ್ಕಳಿಲ್ಲ, ಐವತ್ತರ ಮೇಲಿನ ಹೆಂಗಸು. ಬೆಳಗಾಗುವ ಮೊದಲೇ ಒಂದು ಡಬ್ಬಿ ಹಿಡಿದು ಹೊಲಕ್ಕೆ ಹೋಗುವುದು, ಒಂದೊಂದೇ ಗಿಡದ ಸುಳಿ ಬಿಡಿಸಿ ಹುಳ ಹೆಕ್ಕಿ ಡಬ್ಬಿಗೆ ಹಾಕುವುದು, ಸುಳಿಗೆ ಒಂದು ಚಿಟಿಕೆ ಬೂದಿ ಉದುರಿಸುವುದು. ಎರಡು ತಿಂಗಳು ಒಂದು ದಿನ ತಪ್ಪದೆ ಇದನ್ನೇ ಮಾಡಿದಳು. ಹುಳಕ್ಕೆ ಹೆಸರಿಟ್ಟು ಕರೀತಿಯಾ ಅಕ್ಕಾ, ಸಂಜೆ ಅವಕ್ಕೆ ಪಾಠ ಹೇಳ್ತೀಯಾ ಎಂದು ದಾರಿಯಲ್ಲಿ ಹೋಗುವವರೆಲ್ಲ ಕೇಳಿ ನಗುತ್ತಿದ್ದರು. ಅವಳದೂ ಅವಳ ಮೈದುನನದೂ ಒಂದೇ ಸರ್ವೆ ನಂಬರಿನ ಹೊಲ, ನಡುವೆ ಒಂದು ಬದು. ಬದುವಿನ ಈಚೆ ತಲೆಮೀರಿ ಬೆಳೆದ ಹಸಿರು, ಆಚೆ ಜರಡಿಯಾದ ಎಲೆ. ಕಂಪ್ಯೂಟರು ಎತ್ತಿದ್ದು ಆ ನಂಬರನ್ನೇ.

ಅದು ಕಂಪ್ಯೂಟರಿನ ಪಾಪ, ನನ್ನದಲ್ಲ ಎಂದು ಕೈ ತೊಳೆದುಕೊಳ್ಳಬಹುದಿತ್ತು. ತೊಳೆದರೆ ಹೋಗದ ಕೊಳೆ ಬೇರೆಯೇ ಇತ್ತು. ಮೂಲೆಯಿಂದ ನಲವತ್ತೇಳು ಹೆಜ್ಜೆ ಎಂದು ಫೋನಿನಲ್ಲಿ ಬಂದಿತ್ತು. ಹಿಂದೆ ಊರಿನ ಹತ್ತು ಹದಿನೈದು ಜನ, ಅವರ ಮುಂದೆ ಪಂಚಾಯತಿಯ ಮೆಂಬರು. ಮೂವತ್ತೆಂಟೋ ಮೂವತ್ತೊಂಬತ್ತೋ ಆಗಿತ್ತು, ಅಡ್ಡಲಾಗಿ ಒಂದು ನೀರಿನ ಕಾಲುವೆ ಬಂತು; ಅಗಲವೇನಲ್ಲ, ಹುಡುಗರು ಆಡುತ್ತ ಜಿಗಿಯುವಷ್ಟು. ಅವನೂ ಜಿಗಿದ. ಪ್ಯಾಂಟು ಹಿಂದೆ ಪರ್ ಎಂದಿತು. ಸದ್ದು ಅಷ್ಟು ಸ್ಪಷ್ಟವಾಗಿ ಕೇಳಿಸುತ್ತದೆಂದು ಯಾರಾದರೂ ಊಹಿಸಿಯಾರೇ? ಮೆಂಬರು, "ಸಾಹೇಬ್ರೆ, ಇದಕ್ಕೂ ವಿಮೆ ಇದೆಯಾ?" ಎಂದ. ಅಷ್ಟೇ ಸಾಕಾಯಿತು. ಬಿದ್ದು ಬಿದ್ದು ನಕ್ಕರು. ಬೆಳೆ ಹೋಗಿ ತಿಂಗಳಿಂದ ನಗು ಕಾಣದ ಮುಖಗಳು, ನಗಲು ಒಂದು ನೆಪ ಸಿಕ್ಕಿದ್ದಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕವು. ಅವನೂ ಹಲ್ಲು ಕಿರಿದ. ಕಿವಿ ಬಿಸಿಯಾಯಿತು. ಒಂದು ಕೈಯನ್ನು ಹಿಂದಕ್ಕೆ ಇಟ್ಟುಕೊಂಡು ಬಿರಬಿರನೆ ನಡೆದ, ನಡೆಯುತ್ತಲೇ ಇದ್ದ. ಹೆಜ್ಜೆ ಎಣಿಸುತ್ತಿದ್ದನೇ? ತುಟಿ ಅಲ್ಲಾಡುತ್ತಿತ್ತು, ಅದು ನೆನಪಿದೆ. ಹಿಂದೆ ಹೋಗಿ ಮೊದಲಿಂದ ಎಣಿಸಬೇಕು ಎಂದು ಒಳಗೊಂದು ದನಿ ಹೇಳಿದ್ದೂ ನೆನಪಿದೆ. ಮತ್ತೆ ಅಷ್ಟೂ ಜನರ ಮುಂದೆ ಹಾದು, ಮತ್ತೆ ಆ ಕಾಲುವೆ ದಾಟಿ! ಬದು ಇನ್ನು ಮೂರೇ ಹೆಜ್ಜೆ ಇರುವಾಗ ನಿಂತು, "ನಲವತ್ತೇಳು" ಎಂದು ಊರಿಗೆಲ್ಲ ಕೇಳುವಂತೆ ಕೂಗಿ ಗೂಟ ಹೊಡೆದ.

ಅದು ನಲವತ್ತೇಳೇ ಇರಬಹುದು. ನಲವತ್ತಮೂರೂ ಇರಬಹುದು; ಹಾಗಿದ್ದರೆ ಇನ್ನು ನಾಲ್ಕು ಹೆಜ್ಜೆಗೆ ಬದು ದಾಟಿ ಮೈದುನನ ಹೊಲ. ಎಂಟು ದಿನದಿಂದ ಸ್ನಾನ ಮಾಡುವಾಗ, ಬೈಕು ಓಡಿಸುವಾಗ, ಊಟದ ತಟ್ಟೆಯ ಮುಂದೆ ಕೂತಾಗ ಅವನು ಆ ಹೊಲದಲ್ಲಿ ನಡೆಯುತ್ತಲೇ ಇದ್ದ, ಒಂದು ಸಲವೂ ಲೆಕ್ಕ ಸಿಕ್ಕಿರಲಿಲ್ಲ. ಆದರೆ ನಿಂತದ್ದು ಅಲ್ಲೇ ಯಾಕೆ? ಈ ಪ್ರಶ್ನೆಗೆ ಮಾತ್ರ ಉತ್ತರ ಗೊತ್ತಿತ್ತು, ಗೊತ್ತಿದ್ದದ್ದೇ ಹಿಂಸೆ. ಬದುವಿನ ಈಚೆ ಗಿಡ ಎತ್ತರವಾಗಿ, ದಟ್ಟವಾಗಿ ನಿಂತಿತ್ತು. ಅದರ ನಡುವೆ ಹೊಕ್ಕರೆ ಸೊಂಟದ ಕೆಳಗಿನದು ಯಾರಿಗೂ ಕಾಣುತ್ತಿರಲಿಲ್ಲ. ಆಚೆ ಹುಳ ತಿಂದ ಹೊಲದಲ್ಲಿ ಮರೆಮಾಡಿಕೊಳ್ಳಲು ಒಂದು ನೆಟ್ಟಗಿನ ಎಲೆ ಇರಲಿಲ್ಲ. ನೂರಾ ಅರವತ್ತು ಮನೆಯ ಅನ್ನವನ್ನು ಅವನು ತನ್ನ ಕುಂಡೆ ಮುಚ್ಚಿಕೊಳ್ಳಲು ಖರ್ಚು ಮಾಡಿದ್ದ. ಥೂ.

"ಪ್ಯಾಂಟು ಹೊಲಿದಿಟ್ಟಿದ್ದೀನಿ, ಅದನ್ನೇ ಹಾಕ್ಕೊಳ್ಳಿ," ಎಂದಳು ಹೆಂಡತಿ, ಬಟ್ಟೆ ಹಿಂಡುತ್ತ. "ಎರಡು ಸಲ ಹೊಲಿಗೆ ಹಾಕಿದ್ದೀನಿ. ಇನ್ನು ಆನೆ ಎಳೆದ್ರೂ ಬಿಡಲ್ಲ."

ಇವಳಿಗೆ ಹೇಳಿಬಿಡಲೇ ಎನ್ನಿಸಿತು. ಹೇಳಿದರೆ ಮೊದಲು ನಗುತ್ತಾಳೆ, ಆಮೇಲೆ ಗಾಬರಿಯಾಗುತ್ತಾಳೆ, ಆಮೇಲೆ ಕರಾರು ಮುಗಿಯಲು ಎಷ್ಟು ತಿಂಗಳಿದೆ ಎಂದು ಕೇಳುತ್ತಾಳೆ. "ಸರಿ" ಎಂದಷ್ಟೇ ಹೇಳಿದ. ಅವಳು ಖಾಲಿ ಬಕೆಟ್ಟು ಎತ್ತಿಕೊಂಡು ಕೆಳಗೆ ಹೋದಳು. ಕೆಳಗೆ ನಲ್ಲಿ ಬಿಟ್ಟ ಸದ್ದು ಕೇಳುವವರೆಗೂ ಕಾದ. ಮೆಟ್ಟಿಲ ಬಾಗಿಲ ಹಿಂದಿನ ಗೂಟಕ್ಕೆ ತೂಗುಹಾಕಿದ್ದ ಜರ್ಕಿನ್ ತೊಟ್ಟು, ಕಾಳಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಹಿಡಿ ತೆಗೆದು ತಾರಸಿಯ ಗೋಡೆಯ ಮೇಲೆ ಉದ್ದಕ್ಕೂ ಚೆಲ್ಲಿದ. ಪಾರಿವಾಳ ತಿಂದವು ಎಂದರೆ ಅದು ಪಾರಿವಾಳ ಮಾಡಿದ್ದಾಗುತ್ತದೆ. ಬರಲಿಲ್ಲ. ಎದುರುಮನೆಯ ನೀರಿನ ಟ್ಯಾಂಕಿನ ಮೇಲೆ ಮೂರೂ ಸಾಲಾಗಿ ಕೂತು ಇವನನ್ನೇ ನೋಡುತ್ತಿದ್ದವು. ಎಂಟು ದಿನ ಕೋಲು ಬೀಸಿ ಬೀಸಿ ಹೆಂಡತಿ ಈ ಮನೆಯ ಮೇಲೆ ಅವಕ್ಕೆ ನಂಬಿಕೆಯೇ ಇಲ್ಲದಂತೆ ಮಾಡಿದ್ದಳು. ಕೊನೆಗೆ ಚೆಲ್ಲಿದ್ದನ್ನು ತಾನೇ ಬಳಿದುಕೊಂಡು ಜರ್ಕಿನ್ನಿನ ಎಡ ಜೇಬಿಗೆ ಹಾಕಿದ. ಇನ್ನೆರಡು ಹಿಡಿ ಬಲ ಜೇಬಿಗೆ. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಉಳಿದದ್ದನ್ನು ಚೀಲಕ್ಕೆ ತುಂಬಿ, ಅಡುಗೆಮನೆಗೆ ಇಳಿದು ತೂಗಿದ. ಎಂಟು ಕಿಲೋ ಒಂಬೈನೂರು. ಎದೆ ಹಗುರಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ. ನಾಲ್ಕು ನೂರು ಗ್ರಾಂ ಕಾಳು ಇಷ್ಟು ಭಾರ ಎಂದು ಅವನಿಗೆ ಗೊತ್ತಿರಲಿಲ್ಲ.

ಚೀಲವನ್ನು ಬೈಕಿನ ಮುಂದೆ ಟ್ಯಾಂಕಿಗೆ ಒರಗಿಸಿಕೊಂಡು ಹೊರಟ. ಮೊನ್ನೆ ಮೆಂಬರು ಫೋನು ಮಾಡಿದ್ದ, ಈ ಸಲ ನಗೆಚಾಟಿಕೆ ಇರಲಿಲ್ಲ. "ಹೇಗಾದ್ರೂ ಒಂಬತ್ತರೊಳಗೆ ಇರೋ ಹಾಗೆ ನೋಡಿ ಸಾಹೇಬ್ರೆ. ನಿಮ್ಮ ಕೈಲಿದೆ. ಹುಳದಕ್ಕನಿಗೆ ನಾನು ಏನೂ ಹೇಳಿಲ್ಲ, ಅವಳಿಗೆ ಇದೆಲ್ಲ ತಲೆಗೆ ಹೋಗಲ್ಲ. ಊರಿನವರಿಗೂ ಹೇಳಿಲ್ಲ, ಹೇಳಿದ್ರೆ ಅವಳ ಹೊಲಕ್ಕೆ ಬೆಂಕಿ ಇಡ್ತಾರೆ." ನಿಮ್ಮ ಕೈಲಿದೆ! ಜೀವಮಾನದಲ್ಲಿ ಯಾರೂ ಅವನಿಗೆ ಹೇಳದ ಮಾತು. ಅವಳ ತಲೆಗೆ ಹೋಗದಿದ್ದರೆ ಅದು ಯಾರ ತಪ್ಪು? ಕಂತು ಕಟ್ಟಿಸಿಕೊಳ್ಳಲು ಹೋದ ದಿನ ಅವಳು ಹೊಸ್ತಿಲ ಮೇಲೆ ಕೂತು ಬೆರಳು ಮಡಚಿ ಮಡಚಿ ಕೇಳಿದ್ದಳು: ಬೆಳೆ ಹೋದರೆ ದುಡ್ಡು ಕೊಡ್ತೀರಿ, ಸರಿ, ಬಂದರೆ? ಬಂದ್ರೆ ನಿಮಗೆ ದುಡ್ಡು ಯಾಕಕ್ಕಾ, ಬೆಳೆನೇ ಇರುತ್ತಲ್ಲ ಎಂದಿದ್ದ ಅವನು. ಅವಳು ಅದನ್ನು ದೊಡ್ಡ ತಮಾಷೆ ಎಂಬಂತೆ ನಕ್ಕು, ಡಬ್ಬಿಯಿಂದ ಸುಕ್ಕುಗಟ್ಟಿದ ನೋಟು ತೆಗೆದುಕೊಟ್ಟಿದ್ದಳು. ಒಬ್ಬಳ ಹೊಲದ ತೂಕ ಊರಿಗೆಲ್ಲ ಅನ್ವಯಿಸುತ್ತದೆ ಎಂದು ಅವನು ಹೇಳಿರಲಿಲ್ಲ. ಯಾವ ಹೊಸ್ತಿಲಲ್ಲೂ ಹೇಳಿರಲಿಲ್ಲ. ಹೇಳಿದರೆ ಕಟ್ಟುತ್ತಿರಲಿಲ್ಲ, ಕಟ್ಟದಿದ್ದರೆ ತಿಂಗಳ ಕೊನೆಗೆ ಮೇಲಿನವರು ಇವನ ನೀರಿಳಿಸುತ್ತಿದ್ದರು. ನಿಮ್ಮ ಬೆಳೆ ಹೋದ್ರೆ ನಿಮಗೆ ದುಡ್ಡು. ಎಷ್ಟು ಸಲೀಸಾದ ಮಾತು.

ಕಚೇರಿಯೆಂದರೆ ಗೊಬ್ಬರದಂಗಡಿಯ ಮೇಲಿನ ಒಂದೂವರೆ ಕೋಣೆ. ತಗಡಿನ ಮಾಡು, ಎರಡು ಮೇಜು, ತಿರುಗಿದರೂ ಗಾಳಿ ಬಾರದ ಒಂದು ಫ್ಯಾನು. ದೊಡ್ಡ ಊರಿನಿಂದ ತಪಾಸಣೆಗೆ ಬಂದಿದ್ದ ಮೇಡಂ ಆಗಲೇ ತೂಕದ ಯಂತ್ರವನ್ನು ಮೇಜಿನ ಮೇಲಿಟ್ಟು ಸೊನ್ನೆಗೆ ತರುತ್ತಿದ್ದಳು. ಇವನಿಗಿಂತ ಹತ್ತು ವರ್ಷ ಚಿಕ್ಕವಳು, ಯಾರ ಮೇಲೂ ರೇಗದವಳು, ಯಾರಿಂದಲೂ ಒಂದು ಲೋಟ ಟೀ ಮುಟ್ಟದವಳು. ಬಾಗಿಲ ಹತ್ತಿರದ ಬೆಂಚಿನ ಮೇಲೆ ಮೆಂಬರು, ಅವನಿಂದ ಎರಡು ಮೊಳ ದೂರಕ್ಕೆ ಹುಳದಕ್ಕ. ಹೊಲದ ಯಜಮಾನಿಯ ಎದುರಿಗೇ ತೂಗಬೇಕು, ಅವಳ ರುಜುವಾಗಬೇಕು ಎಂದು ನಿಯಮ. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿಕೊಂಡು, ಇಸ್ತ್ರಿಯ ಗೆರೆ ಇನ್ನೂ ಮಾಸದ ಸೀರೆ ಉಟ್ಟು, ಮಡಿಲಲ್ಲಿ ಒಂದು ಬಟ್ಟೆಯ ಚೀಲ ಇಟ್ಟುಕೊಂಡು ಕೂತಿದ್ದಳು. ಇವನನ್ನು ಕಂಡದ್ದೇ ಎದ್ದು ನಿಂತು, "ಬಂದ್ರಾ ಸಾಹೇಬ್ರೆ, ಪ್ಯಾಂಟು ಹೊಲಿಸಿದ್ರಾ?" ಎಂದಳು. ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ, ನಿಜವಾಗಿ ವಿಚಾರಿಸಿದ್ದಳು. ಅದಕ್ಕೇ ಅವನಿಗೆ ಅಳು ಬಂದಂತಾಯಿತು.

"ಇಷ್ಟು ಸೆಖೆಲಿ ಜರ್ಕಿನ್ ಯಾಕ್ರೀ? ತೆಗೆದಿಡಿ," ಎಂದಳು ಮೇಡಂ.

"ಸ್ವಲ್ಪ ಜ್ವರ ಇದ್ದ ಹಾಗಿದೆ ಮೇಡಂ."

"ಹಾಗಾದ್ರೆ ಬೇಗ ಮುಗಿಸೋಣ."

ಬೆನ್ನಿನಲ್ಲಿ ಬೆವರು ಹರಿದು ಹೊಸ ಹೊಲಿಗೆಯವರೆಗೆ ಇಳಿಯಿತು. ಅತ್ತಿತ್ತ ಹೆಜ್ಜೆಯಿಟ್ಟರೆ ಜೇಬಿನಲ್ಲಿ ಕಾಳು ಸರಕ್ಕೆನ್ನುತ್ತಿತ್ತು, ಹಾಗಾಗಿ ಮರದ ಕೊರಡಿನ ಹಾಗೆ ನಿಂತುಕೊಂಡೇ ಚೀಲವನ್ನು ಯಂತ್ರದ ಮೇಲೆ ಇಟ್ಟ. ಕೆಂಪು ಅಂಕಿಗಳು ಓಡಿ, ತಡವರಿಸಿ, ನಿಂತವು. ಎಂಟು ಕಿಲೋ ಒಂಬೈನೂರಾ ಹತ್ತು. ಮೆಂಬರು ಬಿಟ್ಟ ಉಸಿರು ಕೋಣೆಗೆಲ್ಲ ಕೇಳಿಸಿತು. ಅವನು ಇವನ ಕಡೆ ನೋಡಿ ಕಣ್ಣಲ್ಲೇ ಕೈಮುಗಿದ. ಆಗಿಹೋಯಿತು, ಆಗಿಹೋಯಿತು ಎಂದುಕೊಂಡ ಇವನು. ತಪ್ಪು ಎಣಿಸಿದ್ದಕ್ಕೆ ತಪ್ಪು ತೂಗಿದ್ದು ಸರಿಹೋಯಿತು, ಇನ್ನು ಈ ಜನ್ಮದಲ್ಲಿ ಹಗ್ಗ ಮುಟ್ಟುವುದಿಲ್ಲ. ಮೇಡಂ ಫೋಟೋ ತೆಗೆಯಲು ಫೋನು ಎತ್ತಿದಳು. ಆ ಫೋಟೋ ಹೋಯಿತೆಂದರೆ ಮುಗಿಯಿತು, ಆಮೇಲೆ ದೇವರೂ ತಿದ್ದಲಾರ.

"ಒಂದು ನಿಮಿಷ ತಾಯಿ," ಎಂದಳು ಹುಳದಕ್ಕ. "ಇದನ್ನೂ ಹಾಕ್ಬೇಕಲ್ಲ."

ಬಟ್ಟೆಯ ಚೀಲದೊಳಗಿಂದ ಒಂದು ಗಂಟು ತೆಗೆದಳು. ಹಲ್ಲಿನಿಂದ ಕಚ್ಚಿ ಗಂಟು ಸಡಿಲಿಸಿದಳು. ಒಳಗೆ ಕಾಳು, ಒಂದೊಂದೂ ತೊಳೆದಿಟ್ಟ ಹಾಗೆ.

"ಸಾಹೇಬ್ರು ಕೊಯ್ಸಿಕೊಂಡು ಹೋದ್ಮೇಲೆ ನೋಡಿದ್ರೆ ನಾಲ್ಕು ತೆನೆ ಸೊಪ್ಪಿನ ಅಡೀಲಿ ಬಿದ್ದಿದ್ವು. ಹಗ್ಗದ ಒಳಗೇ. ಅವತ್ತು ಪಾಪ ಅವರಿಗೆ ಅವಸರ ಇತ್ತು. ನಾನು ನಮ್ಮದಕ್ಕೆ ಸೇರಿಸ್ಕೊಳ್ಳಲಿಲ್ಲ. ಬೇರೆ ಒಣಗ್ಸಿ, ಬೇರೆ ಬಿಡಿಸಿ ತಂದೆ. ನಿಮ್ಮದು ನಮ್ಮ ಹತ್ರ ಯಾಕಿರ್ಬೇಕು?"

"ಏ ಅಕ್ಕಾ, ಬೇಡ ಬಿಡು!" ಮೆಂಬರು ಎದ್ದುಬಿಟ್ಟ. "ನಾಲ್ಕು ತೆನೆ ಏನು ಮಹಾ, ಮನೆಗೆ ತಗೊಂಡ್ ಹೋಗಿ ಕೋಳಿಗೆ ಹಾಕು."

"ನೀನು ಸುಮ್ನಿರಪ್ಪ. ಲೆಕ್ಕ ಅಂದ್ರೆ ಲೆಕ್ಕ."

ಮೇಡಂ ಫೋನನ್ನು ಕೆಳಗಿಳಿಸಿ ಇವನ ಕಡೆ ತಿರುಗಿದಳು. "ಹಗ್ಗದ ಒಳಗೆ ಬಿದ್ದಿದ್ದು ಅಂತಾರೆ. ಕೊಯ್ಸಿದ್ದು ನೀವು. ಏನು ಮಾಡೋಣ ಹೇಳಿ, ಸೇರಿಸ್ಬೇಕಾ?"

ಹೊರಗಿಂದ ತಂದ ಕಾಳು, ಯಾವ ಹೊಲದ್ದೋ ಏನೋ, ಒಪ್ಪಲಾಗದು ಎನ್ನಬಹುದಿತ್ತು. ನಿಯಮವೂ ಅವನ ಕಡೆಗೇ ಇತ್ತು, ಒಂದೇ ಒಂದು ವಾಕ್ಯ. ಆದರೆ ಹಾಗೆಂದರೆ ಮೇಡಂ ವಿಚಾರಣೆ ಎನ್ನುತ್ತಾಳೆ. ಯಾವ ತೆನೆ, ಎಷ್ಟು ತೆನೆ, ಒಣಗಿಸಿದ್ದು ಎಲ್ಲಿ, ತಂದದ್ದು ಹೇಗೆ ಎಂದು ಕೇಳುತ್ತಾಳೆ. ಕೇಳುತ್ತ ಕೇಳುತ್ತ ಆ ಜರ್ಕಿನ್ ತೆಗೆಯಿರಿ ಎಂದರೆ? ಎರಡೂ ಜೇಬು ತೊಡೆಯ ಮೇಲೆ ಯಾರೋ ಕೈಯೂರಿದ ಹಾಗೆ ಒತ್ತುತ್ತಿದ್ದವು. ಹುಳದಕ್ಕ ಗಂಟು ಹಿಡಿದು ಅವನ ಬಾಯನ್ನೇ ನೋಡುತ್ತಿದ್ದಳು. ಮೆಂಬರು ಅವಳ ಬೆನ್ನ ಹಿಂದೆ ನಿಂತು ಬೇಡ, ಬೇಡ ಎಂದು ತಲೆಯಲ್ಲಾಡಿಸುತ್ತಿದ್ದ.

"ಸೇರಿಸ್ಬೇಕು ಮೇಡಂ," ಎಂದ ಅವನು.

ಹುಳದಕ್ಕ ಚೀಲಕ್ಕೆ ಕಾಳು ಸುರಿದಳು. ಬಟ್ಟೆಯ ಮೂಲೆಗೆ ಅಂಟಿದ್ದ ಎರಡನ್ನೂ ಬೆರಳಿನಿಂದ ತಟ್ಟಿ ಬೀಳಿಸಿದಳು. ಅಂಕಿಗಳು ಮತ್ತೆ ಓಡಿದವು. ಒಂಬತ್ತು ಕಿಲೋ ಮುನ್ನೂರಾ ಅರವತ್ತು. ಮೇಡಂ ಫೋಟೋ ತೆಗೆದಳು, ಫೋನು ಟಿಂಗ್ ಎಂದಿತು, ಹೋಯಿತು. ಎಷ್ಟು ಹೊತ್ತು ಹಿಡಿಯಿತು? ಒಬ್ಬ ಮನುಷ್ಯ ಸೀನುವಷ್ಟು ಹೊತ್ತು. ಮೆಂಬರು ಮುಖ ಉಜ್ಜಿಕೊಂಡು, "ಹಾಕ್ಬಿಟ್ಯಲ್ಲ ಅಕ್ಕಾ, ಹಾಕ್ಬಿಟ್ಯಲ್ಲ," ಎಂದ. ಇವನನ್ನು ನೋಡಲೂ ಇಲ್ಲ. ಮೆಟ್ಟಿಲು ಇಳಿದ ಸದ್ದು, ಬೈಕು ಒದ್ದ ಸದ್ದು, ಹೋದ ಸದ್ದು.

"ಹೊಟ್ಟೆಕಿಚ್ಚು ಅವನಿಗೆ," ಎಂದು ಹುಳದಕ್ಕ ಪಿಸುಗುಟ್ಟಿದಳು. "ಅವನ ಹೊಲದಲ್ಲಿ ಒಂದು ತೆನೆ ನೆಟ್ಟಗಿಲ್ಲ. ಚೆನ್ನಾಗಿ ಬಂದಿದೆ ಅಲ್ವಾ ಸಾಹೇಬ್ರೆ?"

"ಚೆನ್ನಾಗಿ ಬಂದಿದೆ ಅಕ್ಕಾ."

"ಒಂಬತ್ತು ಅಂದ್ರೆ ಒಳ್ಳೇದಾ?"

"ಒಳ್ಳೇದು."

ಅವಳು ಒಂದೊಂದೇ ಅಕ್ಷರ ಕೊರೆದ ಹಾಗೆ ರುಜು ಹಾಕಿದಳು. ಹಾಕಿ, ಕಾಗದವನ್ನು ಬಿಡದೆ ಹಿಡಿದುಕೊಂಡು, ಇದರದೊಂದು ಜೆರಾಕ್ಸ್ ಮಾಡಿಸಿಕೊಡ್ತೀರಾ ಎಂದು ಕೇಳಿದಳು. ಮೇಡಂ, ಅದಕ್ಕೇನಂತೆ, ಕೊಡಿ ಎಂದಳು. ಕೆಳಗಿನ ಅಂಗಡಿಯಲ್ಲಿ ಅವನೇ ದುಡ್ಡು ಕೊಟ್ಟು ಮಾಡಿಸಿದ. ಬಿಸಿ ಹಾಳೆಯನ್ನು ಕೈಗಿಟ್ಟಾಗ ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಅಂಕಿ ಎಲ್ಲಿದೆ ತೋರಿಸಿ. ಕೆಂಪು ಪೆನ್ನಿದ್ರೆ ಒಂದು ಸುತ್ತು ಹಾಕಿ. ಒಂದೊಂದು ಮನೆಗೂ ಹೋಗಿ ತೋರಿಸ್ತೀನಿ ಸಾಹೇಬ್ರೆ. ಎರಡು ತಿಂಗಳು ನಗ್ಲಿಲ್ವಾ ಎಲ್ಲರೂ? ನಮ್ಮ ಮೈದುನನ ಹೆಂಡ್ತಿ, ನಾನು ಡಬ್ಬಿ ಹಿಡ್ಕೊಂಡ್ ಹೋಗೋದು ಕಂಡ್ರೆ ಬಾಗಿಲಿಗೆ ಬಂದು ನಿಂತು ನಗೋಳು. ಮೊದಲು ಅವಳ ಮನೆಗೇ ಹೋಗ್ತೀನಿ. ಸರ್ಕಾರದವರೇ ತೂಗಿ ಬರ್ಕೊಟ್ಟಿದ್ದಾರೆ ನೋಡೇ ಅಂತೀನಿ."

ಅವನು ಜೇಬಿಗೆ ಕೈ ಹಾಕಿದ. ಬೆರಳಿಗೆ ಕಾಳು ತಾಗಿದವು, ಸರಿಸಿ ಕೆಂಪು ಪೆನ್ನು ತೆಗೆದ. ಸುತ್ತು ಹಾಕಿದ. ಸುತ್ತು ಸೊಟ್ಟಗಾಯಿತು. ಹೇಳಬೇಕು, ಈಗಲೇ ಹೇಳಬೇಕು. ಅಕ್ಕಾ, ಇದನ್ನ ತೋರಿಸಬೇಡಿ, ಹರಿದು ಹಾಕಿ, ಇವತ್ತು ಊರಿಗೇ ಹೋಗಬೇಡಿ. ಯಾಕೆ ಎಂದರೆ? ಯಾಕೆ ಎಂದು ಶುರುಮಾಡಿದರೆ ಹೊಸ್ತಿಲ ಮೇಲಿನ ಮಾತಿನಿಂದ ಶುರುಮಾಡಬೇಕು, ಕಾಲುವೆ ದಾಟಿ ಬರಬೇಕು, ಜರ್ಕಿನ್ ಬಿಚ್ಚಬೇಕು. ಬಸ್ಸು ಬಂದು ನಿಂತಿತ್ತು. ಊರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ, ಬೈಕಿನಲ್ಲಿ ಇಪ್ಪತ್ತು ನಿಮಿಷ. ಮೆಂಬರು ಇಷ್ಟು ಹೊತ್ತಿಗೆ ಅರ್ಧ ದಾರಿಯಲ್ಲಿರುತ್ತಾನೆ. ಅವಳು ಇಳಿಯುವ ಹೊತ್ತಿಗೆ ಪರಿಹಾರ ಹೋದದ್ದು ಯಾರ ಕಾಳಿನಿಂದ ಎಂದು ನೂರಾ ಅರವತ್ತು ಮನೆಗೂ ಗೊತ್ತಾಗಿರುತ್ತದೆ. ಅವಳು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು.

"ಅಕ್ಕಾ!" ಅವನು ಓಡಿಹೋಗಿ ಕಿಟಕಿಯ ಸರಳು ಹಿಡಿದುಕೊಂಡ.

"ಏನು ಸಾಹೇಬ್ರೆ?"

ಅವಳು ಕಾಯುತ್ತಿದ್ದಳು. ಮುಖದಲ್ಲಿ ಅಷ್ಟು ಸಂತೋಷ ಇಟ್ಟುಕೊಂಡು ಕಾಯುವವರನ್ನು ಅವನು ನೋಡಿರಲಿಲ್ಲ. ಬಸ್ಸು ಒಮ್ಮೆ ಕುಲುಕಿ ಚಲಿಸಿತು.

"ಏನಿಲ್ಲ," ಎಂದ. "ಮಡಚಬೇಡಿ. ಅಂಕಿ ಅಳಿಸಿಹೋಗುತ್ತೆ."

"ಹೌದಲ್ವಾ," ಎಂದು ಅವಳು ಹಾಳೆಯನ್ನು ತೊಡೆಯ ಮೇಲೆ ಬಿಡಿಸಿಟ್ಟು, ಗಾಳಿಗೆ ಹಾರದ ಹಾಗೆ ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಳು.